ಮುಳ್ಳುಕೋಟೆಯ ಮೂರು ಕಾಲಿನ ಏಣಿ

ಬನ್ನಿ, ಇನ್ನೂ ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕೇಳಬೇಕು. ಇವತ್ತು ಹೇಳುವುದು ಏಣಿಯ ಕಥೆ. ಏಣಿಯಲ್ಲಿ ಎಂಥಾ ಕಥೆ ಅಂತ ನಗಬೇಡಿ, ಮೊದಲು ಕೇಳಿ.

ಮುಳ್ಳುಕೋಟೆ ಅಂತ ಒಂದು ರಾಜ್ಯ. ಹೊನ್ನಭೂಪ ಅಂತ ಅದಕ್ಕೊಬ್ಬ ರಾಜ. ಬೇರೆ ರಾಜರಿಗೆಲ್ಲ ಕಲ್ಲಿನ ಕೋಟೆ, ಈ ರಾಜನಿಗೆ ಗಿಡದ ಕೋಟೆ. ಊರಿನ ಸುತ್ತ ಕಾರೆ, ಸೀಗೆ, ಕಳ್ಳಿ ಒಂದಕ್ಕೊಂದು ಹೆಣೆದುಕೊಂಡು ಬೆಳೆದ ಬೇಲಿ. ಎರಡಾಳೆತ್ತರ ಇತ್ತು. ಎತ್ತಿನ ಗಾಡಿಯಷ್ಟು ದಪ್ಪ ಇತ್ತು. ಹಂದಿ ನುಗ್ಗುವಂತಿಲ್ಲ, ಚಿರತೆ ನುಸುಳುವಂತಿಲ್ಲ, ಕಳ್ಳ ಕೈ ಹಾಕುವಂತಿಲ್ಲ.

ಆದರೆ ಗಿಡದ ಕೋಟೆಗೆ ಒಂದು ಗುಣ ಇದೆ. ಅದರ ತಲೆ ಸವರುತ್ತಲೇ ಇರಬೇಕು, ಅಂದರೆ ಮೇಲಿನ ಕೊಂಬೆ ಕತ್ತರಿಸುತ್ತಲೇ ಇರಬೇಕು. ತಲೆ ಸವರಿದರೆ ಬುಡದಲ್ಲಿ ಚಿಗುರುತ್ತದೆ, ಪೊದೆ ಕಟ್ಟುತ್ತದೆ. ಹಾಗೇ ಬಿಟ್ಟರೆ ಮೇಲೆ ಮೇಲೆ ಓಡುತ್ತದೆ, ಬುಡ ಬೋಳಾಗುತ್ತದೆ, ಅಲ್ಲಲ್ಲಿ ಕಂಡಿ ಬೀಳುತ್ತದೆ. ಬೇಲಿಯ ಉದ್ದಕ್ಕೂ ಹುಣಸೆಮರ ಬೇರೆ ಇದ್ದವು. ಅವುಗಳ ಕೊಂಬೆ ಬೇಲಿಯ ಮೇಲೆ ಚಾಚಿದರೆ ಆಯಿತು, ಚಿರತೆಗೆ ಸೇತುವೆ ಹಾಕಿಕೊಟ್ಟ ಹಾಗೆ.

ನೆಲದಲ್ಲೇ ನಿಂತು ಉದ್ದ ದೋಟಿಯ ಕೊಕ್ಕೆಯಲ್ಲಿ ಎಳೆಯಬಾರದಾ ಅಂತೀರಾ? ದೋಟಿಗೆ ಒಂದು ಕೊಂಬೆ ಸಿಗುತ್ತದೆ, ಹತ್ತು ಕೊಂಬೆ ತಪ್ಪುತ್ತವೆ. ಬೇಲಿಯ ತಲೆ ಸಮ ಆಗಬೇಕಾದರೆ ಮೇಲೆ ಹತ್ತಲೇಬೇಕು. ಹತ್ತಬೇಕಾದರೆ ಏಣಿ ಬೇಕೇ ಬೇಕು.

ಈ ಕೆಲಸ ಮಾಡುವವರನ್ನು ಊರಲ್ಲಿ ಬೇಲಿಯವರು ಅನ್ನುತ್ತಿದ್ದರು. ಅವರಿಗೆಲ್ಲ ಯಜಮಾನಿ ದ್ಯಾವಕ್ಕ. ಅವಳ ಗಂಟಲು ಎಂಥದ್ದು ಅಂದರೆ, ಬೇಲಿಯ ಈ ಕಡೆ ಕೂಗಿದರೆ ಆ ಕಡೆ ಮೇಯುವ ದನ ತಲೆಯೆತ್ತಿ ನೋಡಬೇಕು. ಯಾರಿಗೂ ಹೆದರಿದವಳಲ್ಲ. ಅವಳ ತಮ್ಮ ಮುದ್ದಯ್ಯ. ಮಚ್ಚು ಹಿಡಿದು ಏಣಿ ಹತ್ತಿದನೆಂದರೆ ಅಳಿಲಿನ ಹಾಗೆ.

ಒಂದು ವರ್ಷ ಮಳೆ ಜೋರಾಯಿತು. ಬೇಲಿಯವರ ಹಳೆಯ ಏಣಿಗಳಿಗೆಲ್ಲ ಗೆದ್ದಲು ಹಿಡಿಯಿತು. ದ್ಯಾವಕ್ಕ ಅರಮನೆಗೆ ಹೋಗಿ ಕೇಳಿದಳು.

"ಮಹಾಸ್ವಾಮಿ, ಏಣಿ ಇಲ್ದೆ ಬೇಲಿ ಇಲ್ಲ. ಹೊಸ ಏಣಿ ಕೊಡಿಸಿ."

"ಅದಕ್ಕೇನಂತೆ! ಉಗ್ರಾಣದಲ್ಲಿ ತೇಗದ ಮರ ಬೇಕಾದಷ್ಟಿದೆ," ಅಂದ ರಾಜ. ಉಗ್ರಾಣದ ಅಧಿಕಾರಿ ಸಿಂಗರಸನನ್ನು ಕರೆಸಿದ. ಸಿಂಗರಸ ರಾಣಿಯ ಅಣ್ಣ, ರಾಜನಿಗೆ ಭಾವ. "ಭಾವ, ಬೇಲಿಯವರಿಗೆ ಒಳ್ಳೇ ಏಣಿ ಮಾಡಿಸಿಕೊಡಿ. ತೇಗ ಎಷ್ಟು ಬೇಕಾದರೂ ತಗೊಳ್ಳಿ."

"ಅಪ್ಪಣೆ ಪ್ರಭು," ಅಂದ ಸಿಂಗರಸ ಮೀಸೆ ತಿರುವುತ್ತಾ.

ತೇಗವೇನೋ ಉಗ್ರಾಣದಿಂದ ಹೊರಟಿತು. ಆದರೆ ಬಡಗಿಯ ಮನೆಗೆ ಹೋಗಲಿಲ್ಲ. ಸೀದಾ ಸಿಂಗರಸನ ಮನೆಗೆ ಹೋಯಿತು. ಅವನ ಮನೆಗೆ ತೇಗದ ಬಾಗಿಲಾಯಿತು, ತೇಗದ ಕಂಬವಾಯಿತು, ತೇಗದ ಉಯ್ಯಾಲೆಯಾಯಿತು. ಏಣಿಗೆ? ಏಣಿಗೆ ಸೌದೆಗೂ ಬೇಡದ ಮರ ಹುಡುಕಿದ. ಹುಳ ತೂತು ಕೊರೆದಲ್ಲಿ ಮೇಣ ತುಂಬಿಸಿದ. ಮೇಲೆ ಕೆಮ್ಮಣ್ಣು ಬಳಿಸಿದ, ಅದರ ಮೇಲೆ ಅರಗಿನೆಣ್ಣೆ ಹಚ್ಚಿಸಿ ಉಜ್ಜಿಸಿದ. ತುದಿಗೆ ಹಿತ್ತಾಳೆ ಕಟ್ಟಿಸಿದ. ನೋಡಿದವರಿಗೆ ಮುಖ ಕಾಣಬೇಕು, ಅಷ್ಟು ಹೊಳಪು!

ಮೊದಲು ಒಂದು ದೊಡ್ಡ ಏಣಿ ಬಂತು. ಬಲು ಎತ್ತರ, ಬಲು ಅಗಲ. ಹಸಿ ಮರದ್ದು, ಹೆಣಭಾರ. ಎತ್ತಲಿಕ್ಕೆ ನಾಲ್ಕಾಳು ಬೇಕು, ನಿಲ್ಲಿಸಲಿಕ್ಕೆ ಇನ್ನಿಬ್ಬರು ಬೇಕು. ಒಂದು ಮಾರು ಬೇಲಿ ಸವರುವುದು, ಏಣಿ ಇಳಿಸುವುದು. ಹೊತ್ತುಕೊಂಡು ಹೋಗುವುದು, ಮತ್ತೆ ನಿಲ್ಲಿಸುವುದು. ಬೇಲಿ ಸವರುವ ಕೈಗಳೆಲ್ಲ ಏಣಿ ಹೊರುವುದರಲ್ಲೇ ಸೋತವು. ಕೆಲವು ದಿನ ಬಿಸಿಲು ಬಿದ್ದದ್ದೇ ತಡ, ಹಸಿ ಮರ ಒಣಗಿ ಸೊಟ್ಟಗಾಯಿತು.

"ಬುದ್ಧಿ, ಇದು ಆಗೋದಿಲ್ಲ. ಬೇಲಿ ಕೆಲಸದ ಏಣಿ ಒಬ್ಬಾಳ ಹೆಗಲ ಮೇಲೆ ಹೋಗಬೇಕು," ಅಂದಳು ದ್ಯಾವಕ್ಕ.

"ಹಗುರ ಬೇಕಾ? ಹಗುರದ್ದೇ ಕೊಡೋಣ," ಅಂದ ಸಿಂಗರಸ.

ಎರಡನೇ ಏಣಿ ಬಂತು. ಇದು ಬೂರುಗದ ಮರದ್ದು. ಹಗುರವೋ ಹಗುರ, ಹತ್ತಿಯ ಹಾಗೆ. ಗೋಡೆಗೆ ಆನಿಸುವ ಏಣಿಯ ಹಾಗೆ ಎರಡೇ ಕಾಲು. ಆದರೆ ಬೇಲಿ ಗೋಡೆಯಲ್ಲವಲ್ಲ! ಮುದ್ದಯ್ಯ ಬೇಲಿಗೆ ಆನಿಸಿ ಹತ್ತಿದ. ಬೇಲಿ ಒಳಕ್ಕೆ ಬಾಗಿತು. ಏಣಿ ಜಾರಿತು. ಮುದ್ದಯ್ಯ ಕಾಲು ಗಟ್ಟಿಯಾಗಿ ಊರಿದ. ಮೆಟ್ಟಿಲು ಲಟಕ್ಕನೆ ಮುರಿಯಿತು. ಅಳಿಲಿನಂಥ ಮುದ್ದಯ್ಯ ಕಾರೆಮುಳ್ಳಿನ ಮೇಲೆ ಬಿದ್ದ, ಅಲ್ಲಿಂದ ನೆಲಕ್ಕೆ ಬಿದ್ದ. ತೊಡೆಯ ಮೂಳೆ ಮುರಿಯಿತು.

ದ್ಯಾವಕ್ಕ ಓಡಿ ಬಂದಳು. ತಮ್ಮನ ತಲೆ ಮಡಿಲಲ್ಲಿಟ್ಟುಕೊಂಡು ಮೈಗೆ ನೆಟ್ಟ ಮುಳ್ಳನ್ನು ಒಂದೊಂದಾಗಿ ಕಿತ್ತಳು. "ಅಕ್ಕಾ, ನಾನು ಸರಿಯಾಗೇ ಕಾಲಿಟ್ಟೆ ಕಣಕ್ಕಾ," ಅಂದ ಅವನು ಹಲ್ಲು ಕಚ್ಚಿಕೊಂಡು. "ಗೊತ್ತು ಕಣಪ್ಪಾ, ಸುಮ್ನಿರು," ಅಂದಳು. ಪಕ್ಕದಲ್ಲಿ ಮುರಿದ ಮೆಟ್ಟಿಲು ಬಿದ್ದಿತ್ತು. ಎತ್ತಿ ನೋಡಿದಳು. ಹೊರಗೆ ಕೆಂಪು, ಒಳಗೆ ಬಿಳಿ. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು.

ಆ ತುಂಡನ್ನು ತೆಗೆದುಕೊಂಡು ಅರಮನೆಗೆ ಹೋದಳು. ರಾಜನ ಮುಂದೆ ಇಟ್ಟಳು. ಸಿಂಗರಸ ಪಕ್ಕದಲ್ಲೇ ನಿಂತಿದ್ದ.

"ಪ್ರಭು, ಇದು ನಾನು ಕೊಟ್ಟ ಏಣಿಯದಲ್ಲ. ಇವರೇ ಎಲ್ಲಿಂದಲೋ ತಂದಿದ್ದಾರೆ. ಮೈಗಳ್ಳರು! ಕಣ್ಣುಬಿಟ್ಟು ಹತ್ತದೆ ಬಿದ್ದು ಈಗ ಏಣಿಯ ಮೇಲೆ ತಪ್ಪು ಹೊರಿಸುತ್ತಾರೆ."

ರಾಜ ಭಾವನ ಮುಖ ನೋಡಿದ. ಮರದ ತುಂಡಿನ ಕಡೆ ಸುಮ್ಮನೆ ಕಣ್ಣು ಹಾಯಿಸಿದ. "ದ್ಯಾವಕ್ಕ, ನಿನ್ನ ತಮ್ಮನಿಗೆ ಅರಮನೆ ವೈದ್ಯರನ್ನು ಕಳಿಸ್ತೀನಿ. ಆದರೆ ನಮ್ಮ ಭಾವ ಅಂಥವರಲ್ಲ. ಬೇರೆ ಏಣಿ ಕೊಡಿಸ್ತೀನಿ, ಹೋಗು," ಅಂದ.

ಮೂರನೇ ಏಣಿ ಬಂತು. ಇದಕ್ಕೆ ನಾಲ್ಕು ಕಾಲು. ಅರಮನೆಯ ಅಂಗಳದಲ್ಲಿ ನಿಲ್ಲಿಸಿ ಸಿಂಗರಸ ತೋರಿಸಿದ. ಹಾಸುಗಲ್ಲಿನ ಮೇಲೆ ಅಲ್ಲಾಡದೆ ನಿಂತಿತು. ರಾಜ ಭೇಷ್ ಅಂದ. ಬೇಲಿಯ ಹತ್ತಿರ ಹಾಸುಗಲ್ಲು ಎಲ್ಲಿದೆ? ಅಲ್ಲಿರುವುದು ಇಳಿಜಾರು, ಹಳ್ಳ, ಗುಂಡುಕಲ್ಲು. ಮೂರು ಕಾಲು ಊರಿದರೆ ಒಂದು ಕಾಲು ಮೇಲೆ. ಆ ಕಾಲಿಗೆ ಕಲ್ಲು ಕೊಟ್ಟರೆ ಇನ್ನೊಂದು ಮೇಲೆ. ಚೌಡಿ ಅನ್ನುವ ಹೆಂಗಸು ಹತ್ತಿದಳು. ಏಣಿ ಆ ಕಡೆ ವಾಲಿತು, ಈ ಕಡೆ ವಾಲಿತು, ಕೊನೆಗೆ ಮಗುಚಿಕೊಂಡಿತು. ಚೌಡಿಯ ಕೈ ಮುರಿಯಿತು.

ಅಷ್ಟು ಹೊತ್ತಿಗೆ ಬೇಲಿ ಕೈಮೀರಿ ಬೆಳೆದಿತ್ತು. ಬುಡದಲ್ಲಿ ಕಂಡಿ ಬಿದ್ದಿತ್ತು. ಹಂದಿಗಳು ಬಂದು ಗೆಣಸಿನ ಹೊಲ ಅಗೆದು ಹೋದವು. ಒಂದು ಸಂಜೆ ಹುಣಸೆಯ ಕೊಂಬೆಯಿಂದ ಚಿರತೆ ಒಳಗೆ ಹಾರಿತು. ಹಟ್ಟಿಯ ಮುಂದೆ ಕಟ್ಟಿದ್ದ ಕರುವನ್ನು ಕಚ್ಚಿಕೊಂಡು ಹೋಯಿತು. ಅವತ್ತಿನಿಂದ ಊರಿನ ತಾಯಂದಿರು ಮಕ್ಕಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಇವತ್ತು ಕರು. ನಾಳೆ ಯಾರ ಮನೆ ಮಗುವೋ," ಅಂದಳು ದ್ಯಾವಕ್ಕ. "ಅರಮನೆ ಏಣಿ ಕಾಯ್ತಾ ಕೂತ್ರೆ ಆಗಲ್ಲ. ನಮ್ಮ ಏಣಿ ನಾವೇ ಮಾಡ್ಕೋಬೇಕು."

ಎಂಥಾ ಏಣಿ ಮಾಡುವುದು? ಅದನ್ನೇ ಯೋಚಿಸುತ್ತಾ ಹೊಲದ ಕಡೆ ಹೋದಳು. ಕಣದಲ್ಲಿ ರಾಶಿ ತೂರುತ್ತಿದ್ದರು. ತೂರುವವನು ಎತ್ತರದ ಮುಕ್ಕಾಲಿಯ ಮೇಲೆ ನಿಂತು ಮೊರದಿಂದ ಕಾಳು ಬಿಡುತ್ತಿದ್ದ. ಕೆಳಗೆ ಹೊಟ್ಟಿನ ದಿಬ್ಬ, ನೆಲ ಏರುತಗ್ಗು. ಮುಕ್ಕಾಲಿ ಮಾತ್ರ ಒಂಚೂರೂ ಅಲುಗಲಿಲ್ಲ. ದ್ಯಾವಕ್ಕ ನಿಂತು ನೋಡಿದಳು. ಬಗ್ಗಿ ಅದರ ಕಾಲು ನೋಡಿದಳು. ನಗುತ್ತಾ ಅಲ್ಲಿಂದ ನೆಟ್ಟಗೆ ಬುಟ್ಟಿ ಹೆಣೆಯುವ ಮೇದರ ಭೈರನ ಮನೆಗೆ ಹೋದಳು.

"ಭೈರಣ್ಣ, ಒಂದು ಏಣಿ ಬೇಕು. ಮೂರು ಕಾಲಿನದು."

"ಮೂರು ಕಾಲಿನ ಏಣಿನಾ? ಎಲ್ಲೂ ನೋಡಿಲ್ವಲ್ಲ ತಾಯಿ."

"ನಾನೂ ನೋಡಿಲ್ಲ. ಮಾಡಿದ ಮೇಲೆ ಇಬ್ರೂ ನೋಡೋಣ. ಮುಂದೆ ಏಣಿ ಎರಡು ಕಾಲಲ್ಲಿರಲಿ. ಬುಡ ಅಗಲ, ತುದಿ ಕಿರಿದು. ಹಿಂದೆ ಒಂದೇ ಕೋಲು. ಆ ಕೋಲು ಬೇಲಿಯೊಳಗೆ ತೂರಿ ಹೋಗಿ ನೆಲ ಮುಟ್ಟಬೇಕು."

ಭೈರ ಗಡ್ಡ ಕೆರೆದುಕೊಂಡ. "ಅಂದ್ರೆ ಏಣಿ ಬೇಲಿಗೆ ಆನೋದೇ ಬೇಡ?"

"ಬೇಡ. ಬೇಲಿ ಭಾರ ತಡೆಯಲ್ಲ. ಏಣಿ ತನ್ನ ಕಾಲ ಮೇಲೇ ನಿಲ್ಲಬೇಕು."

"ಗಂಡುಬಿದಿರು ಹಾಕ್ತೀನಿ ಹಾಗಾದ್ರೆ. ಒಳಗೆ ಟೊಳ್ಳಿರಲ್ಲ. ಮೆಟ್ಟಿಲಿಗೆ ಜಾಲಿ. ಮೆಟ್ಟಿಲು ದೂರ ದೂರ ಇರಲಾ?"

"ಹತ್ತಿರ ಹತ್ತಿರ ಇರಲಿ. ಹೆಂಗಸರೂ ಹತ್ತುತಾರೆ. ಎತ್ತರ ಬೇಲಿಗಿಂತ ಒಂಚೂರು ಜಾಸ್ತಿ ಇರಲಿ, ತುದಿ ಮೆಟ್ಟಿಲ ಮೇಲೆ ಯಾರೂ ನಿಲ್ಲೋ ಹಾಗಾಗಬಾರದು. ಬಣ್ಣ ಮಾತ್ರ ಬಳೀಬೇಡಣ್ಣ. ಮರ ಹೇಗಿದೆಯೋ ಹಾಗೇ ಕಾಣಲಿ."

ಏಣಿ ತಯಾರಾಯಿತು. ದ್ಯಾವಕ್ಕ ತಾನೇ ಹೆಗಲ ಮೇಲೆ ಹೊತ್ತುಕೊಂಡು ಬಂದಳು. ಇಳಿಜಾರಿನಲ್ಲಿ ನಿಲ್ಲಿಸಿದಳು, ಹಿಂದಿನ ಕೋಲನ್ನು ಒಂಚೂರು ಹಿಂದೆ ಸರಿಸಿದಳು, ನಿಂತಿತು. ಬೇಲಿಯ ಎದುರು ನಿಲ್ಲಿಸಿದಳು, ಕೋಲು ಮುಳ್ಳಿನ ನಡುವೆ ತೂರಿ ನೆಲ ಕಚ್ಚಿತು, ನಿಂತಿತು. ಹುಣಸೆಯ ಕೆಳಗೆ ನಿಲ್ಲಿಸಿದಳು, ಕೋಲನ್ನು ಕೊಂಬೆಗಳ ಸಂದಿಯಲ್ಲಿ ತೂರಿಸಿದಳು, ಅಲ್ಲೂ ನಿಂತಿತು. ಪ್ರತಿ ಸಲವೂ ಕೆಳಗಿನ ಮೆಟ್ಟಿಲ ಮೇಲೆ ಕುಣಿದು ನೋಡಿ ಆಮೇಲೆ ಹತ್ತಿದಳು. ಸೂರ್ಯ ಮುಳುಗುವುದರೊಳಗೆ ಬೇಲಿಯ ಒಂದು ಮಗ್ಗುಲು ಬಾಚಿದ ತಲೆಯ ಹಾಗೆ ಆಯಿತು.

ಸುದ್ದಿ ಸಿಂಗರಸನ ಕಿವಿಗೆ ಬಿತ್ತು. ಅವನು ಲೆಕ್ಕ ಹಾಕಿದ. ಬಿದಿರಿನ ಏಣಿ ಗೆದ್ದರೆ ತನ್ನ ಏಣಿಯನ್ನು ಯಾರಾದರೂ ಕೆರೆದು ನೋಡುತ್ತಾರೆ. ಬೆಳಗಾಗುತ್ತಲೇ ಆಳುಗಳನ್ನು ಕಳಿಸಿ ಅದನ್ನು ಕಿತ್ತುಕೊಂಡು ಬರಲು ಹೇಳಿದ. "ಅರಮನೆಯ ಏಣಿ ಬಿಟ್ಟು ಬೇರೆ ಏಣಿ ಬೇಲಿ ಮುಟ್ಟಕೂಡದು" ಅಂತ ಡಂಗುರ ಹೊಡೆಸಿದ.

ಬೇಲಿಯವರು ಕಣ್ಣೀರು ಹಾಕಿದರು. ದ್ಯಾವಕ್ಕ ಹಾಕಲಿಲ್ಲ. ಸೆರಗು ಬಿಗಿದು ಮತ್ತೆ ಅರಮನೆಗೆ ಹೋದಳು.

"ಮತ್ತೆ ದೂರು ತಂದೆಯಾ ದ್ಯಾವಕ್ಕ?" ಅಂದ ರಾಜ.

"ಇಲ್ಲ ಮಹಾಸ್ವಾಮಿ. ಕರೆಯೋಕೆ ಬಂದಿದೀನಿ. ನಾಳಿದ್ದು ಬೇಲಿಗೆ ಪೂಜೆ ಮಾಡ್ತೀವಿ. ಅರಮನೆ ಏಣಿಗಳು, ಅರಮನೆ ಆಳುಗಳು ಕಿತ್ತುಕೊಂಡು ಬಂದ ನಮ್ಮ ಬಿದಿರೇಣಿ, ಎಲ್ಲಾನೂ ಕೊಡಿಸಿ, ಸಾಲಾಗಿ ನಿಲ್ಲಿಸ್ತೀವಿ. ಏಣಿ ಮಾಡಿಸಿಕೊಟ್ಟ ಒಡೆಯರು ತಮಗೆ ಬೇಕಾದ ಏಣಿ ಆರಿಸಿಕೊಂಡು ಹತ್ತಿ, ಮೊದಲ ಕೊಂಬೆ ಸವರಲಿ. ಅವರು ಯಾವ ಏಣಿ ಹತ್ತುತಾರೋ ಅದೇ ಇನ್ಮೇಲೆ ನಮ್ಮ ಏಣಿ. ನಾವು ಒಂದು ಮಾತು ಎತ್ತಲ್ಲ."

ರಾಜನ ಪಕ್ಕದಲ್ಲಿದ್ದ ಸಿಂಗರಸನ ಮೀಸೆ ಕುಣಿಯಿತು. ಬಿದಿರೇಣಿಯನ್ನು ಊರ ಮುಂದೆ ತಾನೇ ತಳ್ಳಿಹಾಕಬಹುದಲ್ಲ! ಮುಂದೆ ಏನಾಗುತ್ತದೆ ಅಂತ ಯೋಚಿಸದೆ, "ಆಗಲಿ ಆಗಲಿ" ಅಂದುಬಿಟ್ಟ.

ಆ ದಿನ ಊರಿಗೆ ಊರೇ ಸೇರಿತು. ಮುದ್ದಯ್ಯನನ್ನು ಮಂಚದ ಸಮೇತ ಹೊತ್ತು ತಂದರು. ಚೌಡಿ ಕೈ ಕಟ್ಟಿಕೊಂಡೇ ಬಂದಳು. ಏಣಿಗಳು ಸಾಲಾಗಿ ನಿಂತಿದ್ದವು. ಸಿಂಗರಸನ ಏಣಿಗಳಿಗೆ ಹೊಸ ಅರಗು, ಹೊಸ ಹಿತ್ತಾಳೆ. ಬೂರುಗದ ಏಣಿಗೆ ಹೊಸ ಮೆಟ್ಟಿಲು ಜೋಡಿಸಿ ಬಣ್ಣ ಬಳಿದಿದ್ದರು. ಕೊನೆಯಲ್ಲಿ ಬಡಪಾಯಿ ಬಿದಿರೇಣಿ.

"ಆರಿಸಿಕೊಳ್ಳಿ ಬುದ್ಧಿ," ಅಂದಳು ದ್ಯಾವಕ್ಕ.

ಸಿಂಗರಸ ಮೊದಲನೇ ಏಣಿಯ ಹತ್ತಿರ ಹೋದ. ತಲೆಯೆತ್ತಿ ನೋಡಿದ, ಮುಂದಕ್ಕೆ ಹೋದ. ಎರಡನೇ ಏಣಿಯ ಹತ್ತಿರ ಹೋದ. ಕೈಯಿಟ್ಟ, ಕೈ ತೆಗೆದ. ಮೂರನೇ ಏಣಿಯ ಹತ್ತಿರ ಹೋದ. ಅದು ಅವನು ಮುಟ್ಟುವ ಮೊದಲೇ ಕಟಕಟ ಅಂದಿತು. ಅವನ ಹಣೆಯಲ್ಲಿ ಬೆವರಿಳಿಯಿತು. ಒಳಗೆ ಏನಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ! ನಾಲ್ಕು ಹೆಜ್ಜೆ ಸರಿದು ಬಿದಿರೇಣಿಯನ್ನು ಹಿಡಿದುಕೊಂಡ.

ಜನ ಗುಜುಗುಜು ಅಂದರು. ರಾಜ ಹುಬ್ಬೇರಿಸಿದ. "ಯಾಕೆ ಭಾವ? ನಿಮ್ಮ ಏಣಿ ಬಿಟ್ಟು ಅದ್ಯಾಕೆ?"

"ಪ್ರಭು, ನನ್ನ ಏಣಿ ಎಷ್ಟು ಚೆನ್ನಾಗಿದೆ! ನನ್ನ ಕಾಲಿನ ಧೂಳು ತಾಗೀತು ಅಂತ."

"ಕಾಲು ತೊಳಕೊಳ್ಳಿ ಬುದ್ಧಿ," ಅಂತ ದ್ಯಾವಕ್ಕ ಚೊಂಬಿನಲ್ಲಿ ನೀರು ತಂದಿಟ್ಟಳು.

ಕಾಲು ತೊಳೆದದ್ದಾಯಿತು. "ಪ್ರಭು, ಬೆಳಿಗ್ಗೆ ಹೋಳಿಗೆ ಊಟ ಜಾಸ್ತಿಯಾಯಿತು. ಮೈ ಭಾರ."

"ನಮ್ಮ ಮುದ್ದಯ್ಯ ಸೌದೆ ಹೊರೆ ಹೊತ್ತುಕೊಂಡೇ ಇಳೀತಿದ್ದ. ಅವನ ಭಾರ, ಹೊರೆ ಭಾರ ಸೇರಿದ್ದಕ್ಕಿಂತ ನಿಮ್ಮ ಭಾರ ಹೆಚ್ಚಿಲ್ಲ," ಅಂದಳು ದ್ಯಾವಕ್ಕ.

"ಪ್ರಭು, ಮೊಣಕಾಲು ನೋವು. ಇದರ ಮೆಟ್ಟಿಲು ಹತ್ತಿರ ಹತ್ತಿರ ಇವೆ, ಅದಕ್ಕೆ…"

"ಅಯ್ಯೋ, ನೋವಿದ್ರೆ ಯಾವ್ದನ್ನೂ ಹತ್ತಬೇಡಿ," ಅಂದಳು ದ್ಯಾವಕ್ಕ. ರಾಜನ ಕಡೆ ತಿರುಗಿದಳು. "ಮಹಾಸ್ವಾಮಿ, ಮೊದಲ ಕೊಂಬೆ ತಾವೇ ಸವರಬೇಕು. ರಾಜರು ಹತ್ತೋಕೆ ರಾಜರ ಏಣಿನೇ ಸರಿ. ಅಗೋ, ಹೊಸ ಮೆಟ್ಟಿಲಿನದು."

ಹೊನ್ನಭೂಪ ಎದ್ದ. ಪಾದರಕ್ಷೆ ಬಿಟ್ಟ. ಬೂರುಗದ ಏಣಿಯ ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದ. ದ್ಯಾವಕ್ಕ ಅವನ ಮಗ್ಗುಲಲ್ಲೇ ನಿಂತಿದ್ದಳು, ಕೈ ಚಾಚಿ. ರಾಜ ಇನ್ನೊಂದು ಗಳಿಗೆ ಮುಂದುವರಿದಿದ್ದರೆ ಅವಳೇ ತಡೆಯುತ್ತಿದ್ದಳು. ರಾಜ ಕಾಲೆತ್ತಿದ.

"ಬೇಡ ಪ್ರಭೂ!" ಅಂತ ಸಿಂಗರಸ ಕಿರುಚಿದ. ಓಡಿ ಬಂದು ರಾಜನ ಕಾಲು ತಬ್ಬಿಕೊಂಡ. "ಹತ್ತಬೇಡಿ, ಮುರಿಯುತ್ತೆ! ಅದು ತೇಗ ಅಲ್ಲ! ಬೂರುಗ!"

 

ರಾಜ ಮೆಲ್ಲಗೆ ಕಾಲು ಕೆಳಗಿಟ್ಟ. ಅವನ ಮುಖ ಕಪ್ಪಿಟ್ಟಿತ್ತು. "ಸಿಂಗರಸ," ಅಂದ. ಭಾವ ಅನ್ನಲಿಲ್ಲ. "ಮುದ್ದಯ್ಯ ಇದೇ ಏಣಿ ಹತ್ತಿದನಲ್ಲ. ಅವತ್ತು ನಿನ್ನ ಬಾಯಿ ಎಲ್ಲಿ ಹೋಗಿತ್ತು? ಚೌಡಿ ಆ ನಾಲ್ಕು ಕಾಲಿನದನ್ನು ಹತ್ತಿದಳಲ್ಲ, ಅವತ್ತು ಎಲ್ಲಿ ಹೋಗಿತ್ತು? ನಾನು ಕಾಲೆತ್ತಿದಾಗ ಮಾತ್ರ ತೆರೆಯಿತಾ?"

ಸಿಂಗರಸ ರಾಜನ ಕಾಲು ಬಿಟ್ಟು ಎದ್ದು, ಊರ ಮುಂದೆ ತಲೆ ತಗ್ಗಿಸಿ ನಿಂತ. 

ಆಮೇಲೆ ರಾಜ ಮುದ್ದಯ್ಯನ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತ. "ನಿನ್ನಕ್ಕ ಮುರಿದ ಮೆಟ್ಟಿಲು ತಂದಾಗ ನಾನು ಮರ ನೋಡಲಿಲ್ಲ, ನೆಂಟಸ್ತನ ನೋಡಿದೆ. ತಪ್ಪು ನನ್ನದೂ ಇದೆ," ಅಂದ. ಮುದ್ದಯ್ಯ ರಾಜನ ಮುಖ ನೋಡಿ ಗಾಬರಿಯಾದ. ಕೊನೆಗೆ, "ಏಣಿ ಒಳ್ಳೇದು ಕೊಡಿಸಿ ಸ್ವಾಮಿ, ಸಾಕು," ಅಂದ.

ರಾಜ ತೀರ್ಪು ಕೊಟ್ಟ. ಸಿಂಗರಸನ ಅಧಿಕಾರ ಹೋಯಿತು. ಅವನ ಮನೆಯ ತೇಗದ ಬಾಗಿಲು, ಕಂಬ, ಉಯ್ಯಾಲೆ ಎಲ್ಲ ಕಳಚಿ ಉಗ್ರಾಣಕ್ಕೆ ಬಂದವು. ಮುದ್ದಯ್ಯನಿಗೂ ಚೌಡಿಗೂ ಮೈ ಸರಿಹೋಗುವ ತನಕ ಅವರ ಬದಲು ಸಿಂಗರಸನೇ ಬೇಲಿಗೆ ಬರಬೇಕು, ಮುಳ್ಳಿನ ಹೊರೆ ಹೊರಬೇಕು ಅಂತಾಯಿತು. ಅವನು ಕೆಲಸಕ್ಕೆ ಬಂದ ದಿನ ದ್ಯಾವಕ್ಕ ಅವನಿಗೆ ಕೊಟ್ಟದ್ದು ಬಿದಿರೇಣಿಯನ್ನೇ. "ಹೆದರಬೇಡಿ, ಹತ್ತಿ. ಇದು ಯಾರನ್ನೂ ಬೀಳಿಸಲ್ಲ," ಅಂದಳು. ಅವನಿಗೆ ಕಣ್ಣಲ್ಲಿ ನೀರು ಬಂತು.

ಭೈರ ಅಂಥವೇ ಇನ್ನಷ್ಟು ಏಣಿ ಮಾಡಿದ. ಬೇಲಿಯವರು ಸಾಲಾಗಿ ನಿಂತು ಬೇಲಿಯ ತಲೆ ಸವರಿದರು. ಹುಣಸೆಯ ಕೊಂಬೆ ಕಡಿದರು. ಬುಡದಲ್ಲಿ ಚಿಗುರು ಒಡೆಯಿತು, ಕಂಡಿ ಮುಚ್ಚಿತು. ಚಿರತೆ ಬಂದು ಹೊರಗೇ ಒಂದು ಸುತ್ತು ಹಾಕಿ ಕಾಡಿನ ದಾರಿ ಹಿಡಿಯಿತು. ಮಕ್ಕಳು ಮತ್ತೆ ಬೀದಿಗೆ ಬಂದರು.

ಇಷ್ಟು ಕಥೆ. ಇದರಿಂದ ತಿಳಿಯಬೇಕಾದ್ದು ಏನು ಗೊತ್ತಾ? ಏಣಿ ಆರಿಸುವಾಗ ಹೊಳಪು ನೋಡಬೇಡಿ. ಅದು ನಿಲ್ಲುವ ನೆಲ ನೋಡಿ, ಅದರಿಂದ ಆಗಬೇಕಾದ ಕೆಲಸ ನೋಡಿ, ಅದನ್ನು ಹೊರುವ ಹೆಗಲು ನೋಡಿ. ಇನ್ನೂ ಒಂದು ಮಾತು. ನೀವು ಹತ್ತಲು ಹೆದರುವ ಏಣಿಯನ್ನು ಇನ್ನೊಬ್ಬರಿಗೆ ಯಾವತ್ತೂ ಕೊಡಬೇಡಿ. ಹಾಗೆ ಕೊಟ್ಟವನು ಎಷ್ಟು ದೊಡ್ಡವನಾದರೂ ಒಂದು ದಿನ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾನೆ.

ನನ್ನ ಮಾತು ಮುಗಿಯಿತು. ಏಳಿ, ಮನೆಯಲ್ಲಿ ಅಮ್ಮ ಕಾಯ್ತಿರ್ತಾರೆ.